ಹಳ್ಳಿಯವನಾಗಲು ಮೂರು ವರ್ಷ

ಮದುವೆ ಮನೆಯ ಪಂಕ್ತಿಯಲ್ಲಿ ಕೇಳುತ್ತಾರೆ, ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳುತ್ತಾರೆ, ಹಲ್ಲು ಕೀಳಿಸಲು ಹೋದರೆ ದಂತವೈದ್ಯರೂ ಕೇಳುತ್ತಾರೆ: "ಮೇಡಂ, ನವೋದಯ ಶಾಲೆಯಲ್ಲಿ ಹಳ್ಳಿಯ ಮಕ್ಕಳಿಗೆ ಮುಕ್ಕಾಲು ಪಾಲು ಸೀಟು ಕೊಡುತ್ತಾರಲ್ಲ, ಅದು ನ್ಯಾಯವೇ?" ನಾನು ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ. ಅಂದು ಬಾಯಲ್ಲಿ ಹತ್ತಿ ಇದ್ದುದರಿಂದ ಉತ್ತರಿಸಲಿಲ್ಲ. ಈಗ ಹತ್ತಿ ಇಲ್ಲ.

ನ್ಯಾಯವೇ. ಇಷ್ಟು ಹೇಳಿದರೆ ಯಾರೂ ಸುಮ್ಮನಾಗುವುದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಜವಾಹರ ನವೋದಯ ವಿದ್ಯಾಲಯಗಳು ಹುಟ್ಟಿಕೊಂಡದ್ದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಹೊತ್ತಿನಲ್ಲಿ, ಮುಖ್ಯವಾಗಿ ಹಳ್ಳಿಯ ಜಾಣ ಮಕ್ಕಳಿಗಾಗಿ. ಆರನೆಯ ತರಗತಿಯಿಂದ ಹನ್ನೆರಡರವರೆಗೆ ಅಲ್ಲೇ ಊಟ, ಅಲ್ಲೇ ವಸತಿ, ಅಲ್ಲೇ ಪಾಠ. ಒಂದು ಶಾಲೆಗೆ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳು. ಅದರಲ್ಲಿ ಹಳ್ಳಿಯವರಿಗೇಕೆ 60 ಎಂದು ಕೇಳುವುದು, ಹೆರಿಗೆ ಆಸ್ಪತ್ರೆಯ ಮುಂದೆ ನಿಂತು ಗಂಡಸರಿಗೇಕೆ ಹಾಸಿಗೆ ಇಲ್ಲ ಎಂದು ಜಗಳ ತೆಗೆದಂತೆ.

ಅಲ್ಲಿಗೆ ಸೇರಲು ಐದನೆಯ ತರಗತಿಯವರು ಬರೆಯುವ ಪ್ರವೇಶ ಪರೀಕ್ಷೆಯ ಬಗ್ಗೆಯೂ ನನಗೆ ದೊಡ್ಡ ತಕರಾರಿಲ್ಲ. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ 50 ಅಂಕ ಬರೀ ಚಿತ್ರಗಳಿಗೆ: ಗುಂಪಿಗೆ ಸೇರದ ಆಕೃತಿ ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಮಡಿಸಿ ತೂತು ಹಾಕಿದ ಕಾಗದವನ್ನು ಬಿಚ್ಚಿದರೆ ತೂತುಗಳು ಎಲ್ಲೆಲ್ಲಿರುತ್ತವೆ. ಮನೆಯಲ್ಲಿ ಒಂದೂ ಪುಸ್ತಕವಿಲ್ಲದ ಮಗುವಿಗೂ ಇವು ದಕ್ಕಬೇಕು. ಆದರೆ ಕೋಚಿಂಗ್‌ನವರು ಈ ಚಿತ್ರಗಳನ್ನೂ ಮಗ್ಗಿಯಂತೆ ಬಾಯಿಪಾಠ ಮಾಡಿಸುವುದನ್ನು ಕಲಿತುಬಿಟ್ಟಿದ್ದಾರೆ. ನಾನೂ ಬೆಳಿಗ್ಗೆ ಎಂಟೂವರೆಗೆ ಐದನೆಯ ತರಗತಿಯವರನ್ನು ಕೂರಿಸಿಕೊಂಡು, ಹಳೆಯ ಮತದಾರರ ಪಟ್ಟಿಗಳನ್ನು ಮಡಿಸಿ ಕೈವಾರದ ಮೊನೆಯಿಂದ ತೂತು ಹಾಕಿಸುತ್ತೇನೆ. (ಚುನಾವಣೆ ಕೆಲಸದಿಂದ ನಮಗೆ ದಕ್ಕಿದ ಏಕೈಕ ಲಾಭ ಆ ಕಾಗದ.) ಇದೂ ಕೋಚಿಂಗೇ ಅಲ್ಲವೇ ಎನ್ನುವವರಿಗೆ: ಹೌದು, ಕೋಚಿಂಗೇ. ಶುಲ್ಕ ತೆಗೆದುಕೊಳ್ಳುವುದಿಲ್ಲ, ಅಷ್ಟೇ.

ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಕೇಳುವವರಿಗೆ. ಕೆಲವು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ಒಬ್ಬರು ಕಾರಿನಲ್ಲಿ ಬಂದರು. ಕೈಯಲ್ಲಿ ಎರಡನೆಯ ತರಗತಿ ಮುಗಿಸಿದ ಮಗನ ವರ್ಗಾವಣೆ ಪತ್ರ. ಕುಳಿತ ಐದು ನಿಮಿಷದಲ್ಲಿ ಹಳ್ಳಿಯ ಕೋಟಾ ಎಷ್ಟು ಅನ್ಯಾಯ, ಪ್ರತಿಭೆಗೆ ಊರು ಕೇರಿ ಎಂದರೇನು ಎಂದೆಲ್ಲ ವಿವರಿಸಿದರು. ಆಮೇಲೆ ದನಿ ತಗ್ಗಿಸಿ, "ಮಗನ ಹೆಸರು ನಿಮ್ಮಲ್ಲಿ ಹಾಕಿಕೊಳ್ಳಿ ಮೇಡಂ. ಮೂರು, ನಾಲ್ಕು, ಐದು ನಿಮ್ಮ ಹಾಜರಿ ಪುಸ್ತಕದಲ್ಲಿ ಇದ್ದರೆ ಸಾಕು. ಅವನು ಕೋಚಿಂಗ್ ಹಾಸ್ಟೆಲಿನಲ್ಲಿರುತ್ತಾನೆ" ಎಂದರು.

"ದಿನಾ ಹಾಜರಿ ಹಾಕಿದರೆ ಬಿಸಿಯೂಟದ ಲೆಕ್ಕದಲ್ಲಿ ಅವನೂ ಬರುತ್ತಾನೆ. ಅವನ ಪಾಲಿನ ಮೊಟ್ಟೆಯನ್ನು ಯಾರು ತಿನ್ನಬೇಕು?" ಎಂದು ಕೇಳಿದೆ.

ಅವರಿಗೆ ನಗು ಬರಲಿಲ್ಲ. ಶಾಲೆಗೆ ಎರಡು ಫ್ಯಾನ್ ಕೊಡಿಸುತ್ತೇನೆ ಎಂದರು. ಮೇ ತಿಂಗಳ ರಾಯಚೂರಿನಲ್ಲಿ ಫ್ಯಾನಿನ ಮಾತೆತ್ತುವುದು ಎಂಥ ಆಮಿಷ ಎಂದು ಇಲ್ಲಿ ಒಂದು ಬೇಸಿಗೆ ಕಳೆದವರಿಗೆ ಗೊತ್ತು. ಆಗುವುದಿಲ್ಲ ಎಂದೆ. ನಾನು ಹರಿಶ್ಚಂದ್ರನ ಮನೆತನದವಳೇನಲ್ಲ. ತನಿಖೆ ಬಂದರೆ ಸಹಿ ನನ್ನದು, ಅಮಾನತು ನನ್ನದು, ಫ್ಯಾನ್ ಮಾತ್ರ ಶಾಲೆಯದು.

ಹಳ್ಳಿಗೆ ಎಷ್ಟು ಸೀಟು ಎಂದು ಎಲ್ಲರೂ ಕೇಳುತ್ತಾರೆ. ಹಳ್ಳಿಯವರು ಎಂದರೆ ಯಾರು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಇದನ್ನು ಹೇಳುತ್ತಿದ್ದೆ.

ನಿಯಮ ಹೀಗಿದೆ: ಮೂರು, ನಾಲ್ಕು, ಐದನೆಯ ತರಗತಿಗಳಲ್ಲಿ ಒಂದೇ ಒಂದು ದಿನ ನಗರದ ಶಾಲೆಯಲ್ಲಿ ಓದಿದ್ದರೂ ಆ ಮಗು ನಗರದ ಅಭ್ಯರ್ಥಿ. ಕಾರಿನಲ್ಲಿ ಬಂದವರಂಥವರನ್ನು ತಡೆಯಲೆಂದೇ ಇದನ್ನು ಬರೆದಿರಬೇಕು. ನನ್ನ ಶಾಲೆಯಲ್ಲಿ ಇದು ತಡೆದದ್ದು ಬೇರೆಯವರನ್ನು.

ಮಳೆ ಕೈಕೊಟ್ಟ ವರ್ಷ ನಮ್ಮೂರಿನಿಂದ ಹತ್ತಾರು ಮನೆಯವರು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದರು. ಅವರಲ್ಲಿ ಒಬ್ಬಾಕೆ ನಾಲ್ಕನೆಯ ತರಗತಿಯಲ್ಲಿದ್ದ ಮಗಳ ಓದು ನಿಲ್ಲಬಾರದೆಂದು ನನ್ನಿಂದ ವರ್ಗಾವಣೆ ಪತ್ರ ಬರೆಸಿಕೊಂಡು ಹೋಗಿ, ತಗಡಿನ ಶೆಡ್ಡಿನ ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸಿದಳು. ನಾಲ್ಕು ತಿಂಗಳು. ಯುಗಾದಿಗೆ ವಾಪಸು ಬಂದರು. ಪಕ್ಕದ ಶೆಡ್ಡಿನಲ್ಲಿದ್ದ ನಮ್ಮೂರಿನದೇ ಹುಡುಗನನ್ನು ಅವನ ಮನೆಯವರು ಯಾವ ಶಾಲೆಗೂ ಹಾಕಿರಲಿಲ್ಲ. ಅವನು ಆ ನಾಲ್ಕೂ ತಿಂಗಳು ತಂಗಿಯನ್ನು ಕಂಕುಳಲ್ಲಿಟ್ಟುಕೊಂಡು ಮರಳಿನ ರಾಶಿಯ ಮೇಲೆ ಕಳೆದ. ಅವನ ಹೆಸರು ನಮ್ಮ ಪುಸ್ತಕದಲ್ಲೇ ಉಳಿದಿತ್ತು.

ಮರುವರ್ಷ ಇಬ್ಬರ ಅರ್ಜಿಗೂ ದೃಢೀಕರಣ ಬರೆದವಳು ನಾನೇ. ಹುಡುಗ ಗ್ರಾಮೀಣ. ಹುಡುಗಿ ನಗರ. ಅವಳ ತಾಯಿ ಕಾಗದವನ್ನು ನೋಡುತ್ತಾ, "ಅಕ್ಕೋರೇ, ನಾವು ಯಾವಾಗ ಸಿಟಿಯವರಾದೆವು?" ಎಂದು ಕೇಳಿದಳು. ಶಾಲೆಗೆ ಕಳಿಸಿದ್ದಕ್ಕೆ ಎಂದು ಹೇಗೆ ಹೇಳಲಿ? ನಿಯಮ ಎಂದೆ. ಸರ್ಕಾರಿ ನೌಕರರಿಗೆ ಆ ಒಂದು ಪದ ಇಲ್ಲದಿದ್ದರೆ ಬಾಳುವುದು ಕಷ್ಟ.

ಮುಚ್ಚಿಡಬಹುದಿತ್ತಲ್ಲ ಎಂದು ನನ್ನ ಸಹೋದ್ಯೋಗಿಗಳೇ ಹೇಳಿದರು. ಅವಳ ಓಡಾಟವೆಲ್ಲ ಇಲಾಖೆಯ ಕಂಪ್ಯೂಟರಿನಲ್ಲಿ ದಾಖಲಾಗಿತ್ತು. ದಾಖಲಾಗಿರದಿದ್ದರೆ ಏನು ಮಾಡುತ್ತಿದ್ದೆ ಎಂದು ದಯವಿಟ್ಟು ಕೇಳಬೇಡಿ.

ಮತದಾರರ ಪಟ್ಟಿಯನ್ನು ಮಡಿಸುವುದರಲ್ಲಿ ಆ ಹುಡುಗಿಯೇ ಮೊದಲಿಗಳು. ಬಿಚ್ಚದೆಯೇ ಕಣ್ಣು ಕಿರಿದು ಮಾಡಿ, "ನಾಲ್ಕು ತೂತು, ಎಲ್ಲ ಮೂಲೆಯಲ್ಲಿ" ಎನ್ನುತ್ತಿದ್ದಳು. ಉಳಿದ ಕಾಲು ಪಾಲು ಸೀಟುಗಳಿಗೆ ಪಟ್ಟಣದ ಮಕ್ಕಳ ಜೊತೆ ಪೈಪೋಟಿ ಮಾಡಿದಳು. ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಎರಡನೆಯ ಸಲ ಬರೆಯಲು ಅವಕಾಶವಿಲ್ಲ. ಹುಡುಗನ ಹೆಸರೂ ಬರಲಿಲ್ಲ, ಅವನು ಕಳೆದುಕೊಂಡ ನಾಲ್ಕು ತಿಂಗಳ ಗಣಿತವನ್ನು ಯಾವ ಕೋಟಾ ತುಂಬಿಕೊಡುತ್ತದೆ?

ಕಾರಿನವರ ಮಗನ ಹೆಸರು ಸ್ವಲ್ಪ ದೂರದ ಇನ್ನೊಂದು ಹಳ್ಳಿಯ ಶಾಲೆಯ ಹಾಜರಿಯಲ್ಲಿದೆ ಎಂದು ಆಮೇಲೆ ತಿಳಿಯಿತು. ಸಭೆಗೆಂದು ಆ ಶಾಲೆಗೆ ಹೋಗಿದ್ದೆ. ಹುಡುಗ ಕಾಣಲಿಲ್ಲ. ಫ್ಯಾನ್‌ಗಳು ಚೆನ್ನಾಗಿ ತಿರುಗುತ್ತಿದ್ದವು.