ಬ್ಲಾಕ್ ಮಾಡಿದ್ದು ಒಂದೇ ಐಪಿ, ಹೊರಗೆ ಉಳಿದಿದ್ದು ಅರ್ಧ ಮಂಡಿ

ಕೋಲಾರ ಎಪಿಎಂಸಿಯ ಕೆಲವು ಟೊಮೆಟೊ ಮಂಡಿಗಳಿಗೆ ನಾನೊಂದು ಚಿಕ್ಕ ವೆಬ್‌ಸೈಟ್ ನೋಡಿಕೊಳ್ಳುತ್ತೇನೆ. ಹರಾಜು ಮುಗಿದ ತಕ್ಷಣ ಮಂಡಿಯವರು ಲಾಗಿನ್ ಆಗಿ 15 ಕೆಜಿ ಬಾಕ್ಸಿನ ರೇಟು ಹಾಕುತ್ತಾರೆ, ರೈತರು ತೋಟದಲ್ಲೇ ಮೊಬೈಲ್ ತೆಗೆದು ನೋಡಿಕೊಳ್ಳುತ್ತಾರೆ. ಸರ್ವರ್ ಲಾಗ್, ಅಂದರೆ ಯಾರು ಬಂದರು ಅನ್ನುವ ದಾಖಲೆ ತೆಗೆದರೆ ದಿನವಿಡೀ ಬಾಟ್‌ಗಳ (ತಾವಾಗೇ ಓಡುವ ಪ್ರೋಗ್ರಾಂಗಳ) ಕಾಟ. ನಮ್ಮಲ್ಲಿ ವರ್ಡ್‌ಪ್ರೆಸ್ ಅನ್ನುವ ಸೈಟ್ ಕಟ್ಟುವ ಸಾಫ್ಟ್‌ವೇರ್ ಇಲ್ಲವೇ ಇಲ್ಲ, ಆದರೂ ಅದರ ಲಾಗಿನ್ ಪುಟ ಹುಡುಕಿಕೊಂಡು ಬರುತ್ತವೆ. ಅದಕ್ಕೇ ಫೇಲ್‌ಟುಬ್ಯಾನ್ ಅನ್ನುವ ಕಾವಲು ಸಾಫ್ಟ್‌ವೇರ್ ಹಾಕಿದೆ. ಒಂದು ಐಪಿಯಿಂದ (ಇಂಟರ್ನೆಟ್ಟಿನಲ್ಲಿ ಬಂದವರ ವಿಳಾಸದ ನಂಬರ್) 10 ನಿಮಿಷದಲ್ಲಿ 5 ಸಲ ಪಾಸ್‌ವರ್ಡ್ ತಪ್ಪಾದರೆ ಅದು ಆ ಐಪಿಯನ್ನು ಫೈರ್‌ವಾಲಿನಲ್ಲೇ, ಅಂದರೆ ಸರ್ವರಿನ ಬಾಗಿಲಲ್ಲೇ ತಡೆದುಬಿಡುತ್ತದೆ. ಮಾಮೂಲಿ ತಡೆ 10 ನಿಮಿಷ. ನಾನು ಒಂದು ದಿನ ಅಂತ ಏರಿಸಿದ್ದೆ.

ಒಂದು ಬೆಳಿಗ್ಗೆ ಫೋನ್ ಮೇಲೆ ಫೋನ್. "ಸಾರ್, ಸೈಟೇ ಬರ್ತಿಲ್ಲ, ರೇಟ್ ಎಲ್ಲಿ ನೋಡೋದು?" ನನ್ನ ಮನೆಯಲ್ಲಿ ಚೆನ್ನಾಗೇ ಬರುತ್ತಿತ್ತು. ಮಂಡಿಗೆ ಹೋಗಿ ಒಬ್ಬರ ಫೋನು ಇಸಕೊಂಡು ವೈಫೈಗೆ ಹಾಕಿದೆ, ಬಂತು. ಮೊಬೈಲ್ ಡೇಟಾಗೆ ಹಾಕಿದೆ, ಇಲ್ಲ. ಅಲ್ಲೇ ಟೊಮೆಟೊ ಬಾಕ್ಸಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಲಾಗ್ ನೋಡಿದರೆ ಐದು ತಪ್ಪು ಲಾಗಿನ್, ಮೂರು ಬೇರೆ ಬೇರೆ ಯೂಸರ್‌ನೇಮ್, ಆದರೆ ಐಪಿ ಮಾತ್ರ ಒಂದೇ! ಹರಾಜಿನ ಗಡಿಬಿಡಿಯಲ್ಲಿ ಮೂರು ಜನ ಒಂದೆರಡು ಸಲ ತಪ್ಪು ಒತ್ತಿದ್ದರು, ಅಷ್ಟೇ. ಅದಕ್ಕೆ ಅದೇ ಕಂಪನಿಯ ಸಿಮ್ ಇದ್ದ ರೈತರೂ ಹೊರಗೆ ಬಿದ್ದಿದ್ದರು.

ಐಪಿವಿ4, ಅಂದರೆ ಹಳೆಯ ಮಾದರಿಯ ಐಪಿಯಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸ. ಎಲ್ಲ ಫೋನಿಗೂ ಒಂದೊಂದು ಕೊಡಲು ಸಾಲದು. ಹಾಗಾಗಿ ಮೊಬೈಲ್ ಕಂಪನಿಗಳು ತುಂಬಾ ಗ್ರಾಹಕರನ್ನು ಒಂದೇ ಐಪಿಯ ಹಿಂದೆ ಕೂರಿಸುತ್ತವೆ. ಹೀಗೆ ಕೂರಿಸಿದ ಫೋನುಗಳಿಗೆ ಕಂಪನಿಯ ಒಳಗೆ ಕೊಡಲೆಂದೇ 2012ರಲ್ಲಿ 100.64ರಿಂದ ಶುರುವಾಗುವ ಒಂದು ಸಾಲು ವಿಳಾಸಗಳನ್ನು ಮೀಸಲಿಟ್ಟರು. ಸರ್ವರಿಗೆ ಕಾಣುವುದು ಎಲ್ಲರೂ ಹಂಚಿಕೊಂಡ ಹೊರಗಿನ ಆ ಒಂದು ಐಪಿ ಮಾತ್ರ. ಅದರ ಹಿಂದೆ ಕಳ್ಳ ಇದ್ದಾನೋ, ಶ್ರೀನಿವಾಸಪುರದ ರೈತ ಇದ್ದಾನೋ ಅದಕ್ಕೆ ಹೇಗೆ ಗೊತ್ತಾಗಬೇಕು?

ಈಗ ತಪ್ಪು ಪಾಸ್‌ವರ್ಡನ್ನು ಯೂಸರ್‌ನೇಮ್ ಲೆಕ್ಕದಲ್ಲಿ ಎಣಿಸುತ್ತೇನೆ, ಒಂದೊಂದು ತಪ್ಪಿಗೂ ಕಾಯುವ ಹೊತ್ತು ಸ್ವಲ್ಪ ಜಾಸ್ತಿಯಾಗುತ್ತದೆ. ಐಪಿ ತಡೆ ಮತ್ತೆ 10 ನಿಮಿಷಕ್ಕೆ ಇಳಿದಿದೆ. ಹಾಗೇ ಇನ್ನೊಂದು ಮಾತು. ನಿಮ್ಮ ಸೈಟಿನ ಮುಂದೆ ಪ್ರಾಕ್ಸಿ (ಬಂದವರನ್ನು ಸೈಟಿಗೆ ದಾಟಿಸುವ ಮಧ್ಯವರ್ತಿ ಸರ್ವರ್) ಇದ್ದರೆ ಲಾಗಿನಲ್ಲಿ ಬೀಳುವುದು ಪ್ರಾಕ್ಸಿಯ ಐಪಿಯೇ ಇರಬಹುದು, ಅದನ್ನು ಬ್ಲಾಕ್ ಮಾಡಿದರೆ ಊರಿಗೆ ಊರೇ ಹೊರಗೆ. ಹಾಗಂತ ಬಂದವರೆಲ್ಲ ಕಳಿಸುವ ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರ್, ಅಂದರೆ ಪ್ರಾಕ್ಸಿಯ ಹಿಂದಿರುವವರ ನಿಜವಾದ ಐಪಿ ಹೇಳುವ ಸಾಲು, ಸುಮ್ನೆ ನಂಬಬೇಡಿ. ಅದರಲ್ಲಿ ಯಾರು ಬೇಕಾದರೂ ಯಾರ ಐಪಿ ಬೇಕಾದರೂ ಬರೆದು, ನಿಮ್ಮ ಕೈಯಿಂದಲೇ ಅವರನ್ನು ಬ್ಲಾಕ್ ಮಾಡಿಸಬಹುದು, ಅಲ್ವಾ?

ದಿನಾ ಹರಾಜಿಗೆ ಮುಂಚೆ ಬ್ಯಾನ್ ಪಟ್ಟಿ ನೋಡುತ್ತೇನೆ. ಮೊಬೈಲ್ ಕಂಪನಿಯ ಐಪಿ ಕಂಡರೆ ಮೊದಲು ತೆಗೆಯುತ್ತೇನೆ, ಯಾಕೆ ಬಿತ್ತು ಅಂತ ಆಮೇಲೆ ಹುಡುಕುತ್ತೇನೆ.