ಲೋಳೆಯಾಗದ ಬೆಂಡೆಕಾಯಿ ಪಲ್ಯ, ಜೊತೆಗೆ ಹೀರೆಸಿಪ್ಪೆ ಚಟ್ನಿ

ಬೆಂಡೆಕಾಯಿ ಕೊಳ್ಳುವಾಗ ತುದಿ ಮುರಿದು ನೋಡಿ. ಟಕ್ಕೆಂದು ಮುರಿದರೆ ಎಳೆಯದು. ಬಾಗಿದರೆ ಬಲಿತದ್ದು, ಎಷ್ಟು ಬೇಯಿಸಿದರೂ ನಾರು ಹೋಗಲ್ಲ. (ಅಂಗಡಿಯವರು ಗುರಾಯಿಸಿದರೆ ಗುರಾಯಿಸಲಿ.)

ಪಲ್ಯ ಲೋಳೆಯಾಗಲು ಕಾರಣ ನೀರು. ಕಾಲು ಕಿಲೋ ಕಾಯಿಯನ್ನು ಹೆಚ್ಚುವ ಮೊದಲೇ ತೊಳೆದು, ಬಟ್ಟೆಯಲ್ಲಿ ಒಂದೊಂದಾಗಿ ಒರೆಸಿ. ಹೆಚ್ಚಿದ ಮೇಲೆ ತೊಳೆದಿರೋ, ಕೆಟ್ಟಿತು. ಅರ್ಧ ಇಂಚಿನ ಬಿಲ್ಲೆಗಳಿರಲಿ. ಅಗಲ ಬಾಣಲೆಯಲ್ಲಿ 2 ಚಮಚ ಎಣ್ಣೆ, ಸಾಸಿವೆ, ಉದ್ದಿನಬೇಳೆ, ಕರಿಬೇವು, ಚಿಟಿಕೆ ಇಂಗಿನ ಒಗ್ಗರಣೆ. ಕಾಯಿ ಹಾಕಿ, ಮುಚ್ಚಳ ಮುಚ್ಚದೆ, ಮಧ್ಯಮ ಉರಿಯಲ್ಲಿ 10–12 ನಿಮಿಷ ಹುರಿಯಿರಿ. ಮುಚ್ಚಿದರೆ ಆವಿ ನೀರಾಗಿ ಮತ್ತೆ ಬಾಣಲೆಗೇ ಇಳಿಯುತ್ತದೆ. ಮೊದಮೊದಲು ಸೌಟಿನ ಜೊತೆ ಬಿಳಿ ಎಳೆ ಎದ್ದು ಬರುತ್ತದೆ, ಗಾಬರಿ ಬೇಡ. 5 ನಿಮಿಷದ ಹೊತ್ತಿಗೆ ಒಂದು ಚಮಚ ಗಟ್ಟಿ ಹುಣಸೆರಸ ಬಿಟ್ಟರೆ ಎಳೆ ಕಡಿಮೆಯಾಗುತ್ತದೆ. ಉಪ್ಪು ಕೊನೆಗೇ, ಮೊದಲೇ ಹಾಕಿದರೆ ಕಾಯಿ ನೀರು ಬಿಡುತ್ತದೆ. ಅರ್ಧ ಚಮಚ ಸಾರಿನ ಪುಡಿ, 2 ಚಮಚ ತೆಂಗಿನತುರಿ ಬೆರೆಸಿ ಇಳಿಸಿ.

ಹೀರೆಕಾಯಿಯ ತಿರುಳು ಹುಳಿಗಾಗಲಿ, ಸಿಪ್ಪೆ ಎಸೆಯುವುದು ಮಾತ್ರ ದಂಡ. ಮೊದಲು ಒಂದು ಚೂರು ನಾಲಿಗೆಗಿಟ್ಟು ನೋಡಿ; ಕಹಿಯಿದ್ದರೆ ಇಡೀ ಕಾಯಿ ಬಿಸಾಡಿ, ಬೇಯಿಸಿದರೂ ಕಹಿ ಇಳಿಯಲ್ಲ, ಹೊಟ್ಟೆಯೂ ಕೆಡುತ್ತದೆ. ಒಂದು ಕಪ್ ಸಿಪ್ಪೆಗೆ 1 ಚಮಚ ಉದ್ದಿನಬೇಳೆ, 3 ಒಣಮೆಣಸಿನಕಾಯಿ. ಎಣ್ಣೆಯಲ್ಲಿ ಬೇಳೆ, ಮೆಣಸಿನಕಾಯಿ ಹುರಿದು ತೆಗೆದು, ಅದೇ ಎಣ್ಣೆಯಲ್ಲಿ ಸಿಪ್ಪೆಯನ್ನು ಅಂಚು ಕಂದಾಗುವವರೆಗೆ ಬಾಡಿಸಿ. ಹಸಿ ಉಳಿದರೆ ಚಟ್ನಿ ಹುಲ್ಲಿನ ವಾಸನೆ ಹೊಡೆಯುತ್ತದೆ. ಗೋಲಿ ಗಾತ್ರದ ಹುಣಸೆ, ಕಾಲು ಕಪ್ ತೆಂಗಿನತುರಿ, ಉಪ್ಪು, ಚೂರು ಬೆಲ್ಲ ಸೇರಿಸಿ ತರಿತರಿಯಾಗಿ ರುಬ್ಬಿ. ಬಿಸಿ ಅನ್ನ, ತುಪ್ಪದ ಜೊತೆ ಕಲಸಿಕೊಳ್ಳಿ.