ಹಾಗಾದ್ರೆ ಯಾರು ಏನು ಬೇಕಾದ್ರೂ ಪ್ರಸಾರ ಮಾಡಬಹುದಾ?

ಪತ್ರಿಕೆ, ರೇಡಿಯೋ, ಟಿವಿ, ಸಿನಿಮಾ ಇವುಗಳ ಮೇಲೆ ಸರ್ಕಾರದ ಹಿಡಿತ ಇರಬಾರದು ಅಂತ ನಾನು ಆಗಾಗ ಬರೆಯುತ್ತಿರುತ್ತೇನೆ. ಬರೆದಾಗಲೆಲ್ಲ ಒಂದೇ ಪ್ರಶ್ನೆ ಬರುತ್ತದೆ. ಸ್ನೇಹಿತರು ನಗುತ್ತಾ ಕೇಳುತ್ತಾರೆ, ಮನೆಯ ಹಿರಿಯರು ಸ್ವಲ್ಪ ಗದರಿಸಿಯೇ ಕೇಳುತ್ತಾರೆ. "ಹಾಗಾದ್ರೆ ಯಾರು ಏನು ಬೇಕಾದ್ರೂ ಪ್ರಸಾರ ಮಾಡಬಹುದಾ? ಹೇಳೋರು ಕೇಳೋರು ಯಾರೂ ಬೇಡ್ವಾ? ನ್ಯೂಸ್ ಚಾನೆಲ್‌ಗಳು ಈಗಲೇ ಈ ಪಾಟಿ ಕಿರುಚುತ್ತಿವೆ, ಸರ್ಕಾರವೂ ಸುಮ್ಮನಾದರೆ ಏನು ಗತಿ?"

ನ್ಯಾಯವಾದ ಪ್ರಶ್ನೆಯೇ. ಆದರೆ ನಾನು ಉತ್ತರವನ್ನು ನ್ಯೂಸ್ ಚಾನೆಲ್‌ನಿಂದ ಶುರು ಮಾಡುವುದಿಲ್ಲ, ರೇಡಿಯೋದಿಂದ ಶುರು ಮಾಡುತ್ತೇನೆ. ಸರ್ಕಾರ ತನಗೆ ಬೇಕಾದ ಹಾಗೆ ಪೂರ್ತಿ ನಡೆಸಿದರೆ ಒಂದು ಮಾಧ್ಯಮ ಹೇಗಿರುತ್ತದೆ ಅಂತ ನೋಡಬೇಕಾದರೆ ನಮ್ಮ ದೇಶದ ರೇಡಿಯೋಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ಬೆಂಗಳೂರಿನಲ್ಲಿ ಸಂಜೆ ಆಫೀಸ್ ಬಿಟ್ಟು ಹೊರಡುವಾಗ ಕಾರಿನಲ್ಲಿ ಎಫ್‌ಎಂ ಹಾಕಿ ನೋಡಿ. ಯಾವ ರಸ್ತೆ ಜಾಮ್ ಆಗಿದೆ ಅಂತ ಆರ್‌ಜೆ ಹೇಳುತ್ತಾರೆ. ಮಳೆ ಬರುತ್ತಾ ಅಂತ ಹೇಳುತ್ತಾರೆ. ಫ್ರೀಡಂ ಪಾರ್ಕ್ ಕಡೆ ಹೋಗಬೇಡಿ, ಅಲ್ಲಿ ಜನ ಸೇರಿದ್ದಾರೆ ಅನ್ನೋವರೆಗೂ ಪರವಾಗಿಲ್ಲ. ಆದರೆ ಅಲ್ಲಿ ಯಾರು ಸೇರಿದ್ದಾರೆ, ಏನು ಕೇಳುತ್ತಿದ್ದಾರೆ, ಮಂತ್ರಿಗಳು ಬಂದು ಏನು ಹೇಳಿದರು ಅಂತ ಒಬ್ಬ ವರದಿಗಾರನನ್ನು ಕಳಿಸಿ ವಿಚಾರಿಸಿ ಹೇಳುವಂತಿಲ್ಲ. ಅದು ಸುದ್ದಿ. ಖಾಸಗಿ ಎಫ್‌ಎಂ ಕೇಂದ್ರ ತನ್ನದೇ ಸುದ್ದಿ ಕೊಡುವಂತಿಲ್ಲ. ಕೇಂದ್ರ ಸರ್ಕಾರದ 2011ರ ಎಫ್‌ಎಂ ನೀತಿ ಒಂದು ರಿಯಾಯಿತಿ ಕೊಟ್ಟಿತು: ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಹಾಗೆಯೇ ಮರುಪ್ರಸಾರ ಮಾಡಬಹುದು. ಟ್ರಾಫಿಕ್, ಹವಾಮಾನ, ಪರೀಕ್ಷೆಯ ಫಲಿತಾಂಶ ಇಂಥವನ್ನು ಸುದ್ದಿ ಅಂತ ಲೆಕ್ಕ ಹಿಡಿಯುವುದಿಲ್ಲ, ಪುಣ್ಯಕ್ಕೆ.

ಈಗ ಇದನ್ನು ಸ್ವಲ್ಪ ಯೋಚನೆ ಮಾಡಿ. ಈ ಎಫ್‌ಎಂ ಕೇಂದ್ರಗಳಲ್ಲಿ ಹಲವು ದೊಡ್ಡ ಪತ್ರಿಕಾ ಸಂಸ್ಥೆಗಳ ಕೈಯಲ್ಲೇ ಇವೆ. ಬೆಳಗ್ಗೆ ಪೇಪರ್‌ನ ಮುಖಪುಟದಲ್ಲಿ ಬಂದ ಸುದ್ದಿಯನ್ನು ಅದೇ ಮಾಲೀಕರ ರೇಡಿಯೋ ಓದುವಂತಿಲ್ಲ. ಅದೇ ಆರ್‌ಜೆ ಮನೆಗೆ ಹೋಗಿ ಯೂಟ್ಯೂಬ್‌ನಲ್ಲಿ ಕೂತು ಅದೇ ವಿಷಯ ಒಂದು ಗಂಟೆ ಮಾತಾಡಬಹುದು. ಸ್ಟುಡಿಯೋದ ಮೈಕ್ ಮುಂದೆ ಮಾತ್ರ ಬಾಯಿಗೆ ಬೀಗ. ಇದರಿಂದ ಯಾವ ಕೇಳುಗನಿಗೆ ಯಾವ ಅಪಾಯ ತಪ್ಪಿತು? ಕೇಳಿದರೆ ಇವತ್ತಿಗೂ ಯಾರೂ ಸರಿಯಾಗಿ ಹೇಳುವುದಿಲ್ಲ.

ಇದರ ಬೇರು ಹಳೆಯದು. 1885ರ ಟೆಲಿಗ್ರಾಫ್ ಕಾಯ್ದೆ ತಂತಿ ಕಳಿಸುವ ಹಕ್ಕನ್ನು ಪೂರ್ತಿ ಸರ್ಕಾರಕ್ಕೇ ಕೊಟ್ಟಿತ್ತು. ಬ್ರಿಟಿಷರಿಗೆ ದಂಗೆಯ ಭಯ, ಅದು ಅರ್ಥವಾಗುತ್ತದೆ. ರೇಡಿಯೋ ಬಂದಾಗ ಅದೂ ಅದೇ ಕಾಯ್ದೆಯ ಕೆಳಗೆ ಬಂತು. ಸ್ವಾತಂತ್ರ್ಯ ಬಂದ ಮೇಲೂ ಕಾಯ್ದೆ ಹಾಗೇ ಉಳಿಯಿತು. ರೇಡಿಯೋ ಕೇಳುವುದಕ್ಕೂ ಲೈಸೆನ್ಸ್ ಇತ್ತು ಅಂದರೆ ಇವತ್ತಿನ ಹುಡುಗರು ನಂಬುವುದಿಲ್ಲ. ವರ್ಷಕ್ಕೊಮ್ಮೆ ಪೋಸ್ಟ್ ಆಫೀಸಿಗೆ ಹೋಗಿ ಹಣ ಕಟ್ಟಿ, ಪುಟ್ಟ ಪುಸ್ತಕದಲ್ಲಿ ಸ್ಟ್ಯಾಂಪ್ ಹಾಕಿಸಿಕೊಂಡು ಬರಬೇಕಿತ್ತು. ಮನೆಯಲ್ಲಿ ಅರವತ್ತು ದಾಟಿದವರಿದ್ದರೆ ಕೇಳಿ ನೋಡಿ.

ಹಾಗಂತ ರೇಡಿಯೋ ಸರ್ಕಾರದಿಂದಲೇ ಹುಟ್ಟಿದ್ದೂ ಅಲ್ಲ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಒಂದು ಚಿಕ್ಕ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದರು. ಆಕಾಶವಾಣಿ ಅನ್ನುವ ಹೆಸರು ಆ ಮೈಸೂರಿನ ಕೇಂದ್ರದ್ದು. ಮುಂದೆ ಇಡೀ ದೇಶದ ಸರ್ಕಾರಿ ರೇಡಿಯೋ ಅದನ್ನೇ ಇಟ್ಟುಕೊಂಡಿತು. ಗೋಪಾಲಸ್ವಾಮಿಯವರಿಗೆ ಹಣದ ಅಡಚಣೆ ಇತ್ತು, ನಿಜ. 1940ರ ದಶಕದ ಶುರುವಿನಲ್ಲಿ ಮೈಸೂರು ಸಂಸ್ಥಾನ ಕೇಂದ್ರವನ್ನು ವಹಿಸಿಕೊಂಡಿತು. ಆದರೂ ಒಬ್ಬ ಮೇಷ್ಟ್ರು ತಮ್ಮ ಆಸಕ್ತಿಯಿಂದ ಊರಿಗೊಂದು ರೇಡಿಯೋ ಕಟ್ಟಿದರು ಅನ್ನುವುದನ್ನು ಮರೆಯಬಾರದು ಅಲ್ವಾ.

ಒಂದೇ ಬಾಗಿಲು, ಅದಕ್ಕೊಬ್ಬನೇ ಕಾವಲುಗಾರ ಅಂತಾದಾಗ ಅವನ ಅಭಿರುಚಿಯೇ ದೇಶದ ಅಭಿರುಚಿ ಆಗಿಬಿಡುತ್ತದೆ. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಅನ್ನು ನಿಷೇಧಿಸಿತು. ನಮ್ಮ ಸಂಗೀತದ ಗಮಕಗಳು, ಅಂದರೆ ಸ್ವರವನ್ನು ತೂಗಿ ಜಾರಿಸುವ ಬಗೆಗಳು, ಅದರಲ್ಲಿ ಬರುವುದಿಲ್ಲ ಅಂತ ಕಾರಣ. ವಾದ ಸರಿಯೇ ಇರಬಹುದು, ಸಂಗೀತಗಾರರು ಅದರ ಬಗ್ಗೆ ಇವತ್ತಿಗೂ ಜಗಳ ಆಡುತ್ತಾರೆ. ಆದರೆ ಆ ಜಗಳವನ್ನು ಒಂದು ಆದೇಶ ಮೂವತ್ತು ವರ್ಷ ಬಾಯಿ ಮುಚ್ಚಿಸಿತು.

1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಸಚಿವರಾದರು. ಶಾಸ್ತ್ರೀಯ ಸಂಗೀತ ಕಲಿತವರು, ಸಜ್ಜನರು. ಸಿನಿಮಾ ಹಾಡು ಕಂಡರೆ ಮಾತ್ರ ಆಗುತ್ತಿರಲಿಲ್ಲ. ಜನರ ಕಿವಿ ಹಾಳಾಗುತ್ತಿದೆ, ತಿದ್ದಬೇಕು ಅಂತ ಅವರ ನಂಬಿಕೆ. ಸಿನಿಮಾ ಹಾಡಿನ ಸಮಯ ಕಡಿತವಾಯಿತು, ನಿರ್ಮಾಪಕರ ಜೊತೆ ಜಟಾಪಟಿಯಾಯಿತು, ಕೊನೆಗೆ ಹಾಡುಗಳು ಆಕಾಶವಾಣಿಯಿಂದ ಹೆಚ್ಚುಕಡಿಮೆ ಮಾಯವೇ ಆದವು. ಜನ ಶಾಸ್ತ್ರೀಯ ಸಂಗೀತ ಕೇಳಲು ಶುರು ಮಾಡಿದರಾ? ಸುಮ್ನೆ ರೇಡಿಯೋದ ಮುಳ್ಳು ತಿರುಗಿಸಿ ಸಿಲೋನ್‌ಗೆ, ಅಂದರೆ ಇವತ್ತಿನ ಶ್ರೀಲಂಕಾದ ರೇಡಿಯೋಗೆ ಹೋದರು. ಅಲ್ಲಿ ಅದೇ ವರ್ಷದ ಕೊನೆಗೆ ಅಮೀನ್ ಸಯಾನಿ ನಿರೂಪಣೆಯ ಸಿನಿಮಾ ಹಾಡಿನ ಕಾರ್ಯಕ್ರಮ ಬಿನಾಕಾ ಗೀತಮಾಲಾ ಶುರುವಾಯಿತು. ಒಂದು ಟೂತ್‌ಪೇಸ್ಟ್ ಕಂಪನಿಯ ದುಡ್ಡು. ಕಾರ್ಯಕ್ರಮ ಮುಂಬೈಯಲ್ಲಿ ರೆಕಾರ್ಡ್ ಆಗಿ, ಟೇಪು ವಿಮಾನದಲ್ಲಿ ಕೊಲಂಬೋಗೆ ಹೋಗಿ, ಅಲ್ಲಿಂದ ಶಾರ್ಟ್‌ವೇವ್‌ನಲ್ಲಿ ನಮ್ಮ ಮನೆಗಳಿಗೆ ವಾಪಸ್ ಬರುತ್ತಿತ್ತು. ನಮ್ಮದೇ ಹಾಡು, ನಮ್ಮದೇ ನಿರೂಪಕ, ನಮ್ಮದೇ ಕೇಳುಗ. ಆದರೂ ಪರದೇಶ ಸುತ್ತಿ ಬರಬೇಕಾಯಿತು. 1957ರ ಅಕ್ಟೋಬರ್‌ನಲ್ಲಿ ಸರ್ಕಾರ ಬೇರೆ ದಾರಿ ಕಾಣದೆ ಸಿನಿಮಾ ಹಾಡು ಹಾಕುವ ವಿವಿಧ ಭಾರತಿ ಶುರು ಮಾಡಿತು. ನಾವೆಲ್ಲ ಪ್ರೀತಿಯಿಂದ ನೆನೆಸಿಕೊಳ್ಳುವ ವಿವಿಧ ಭಾರತಿ ಬಂದಿದ್ದು ಪಕ್ಕದ ದೇಶದ ಪೈಪೋಟಿಯಿಂದ.

ಕೇಸ್ಕರ್ ಅವರದ್ದು ಒಳ್ಳೆಯ ಉದ್ದೇಶ ಅಂತಲೇ ಇಟ್ಟುಕೊಳ್ಳೋಣ. 1976ರಲ್ಲಿ ಆಗಿದ್ದು ಹಾಗಲ್ಲ. ತುರ್ತು ಪರಿಸ್ಥಿತಿಯ ಸಮಯ. ಕಾಂಗ್ರೆಸ್ಸಿನ ಕಾರ್ಯಕ್ರಮದಲ್ಲಿ ಹಾಡಲು ಒಪ್ಪಲಿಲ್ಲ ಅಂತ ಕಿಶೋರ್ ಕುಮಾರ್ ಅವರ ಹಾಡುಗಳನ್ನು ಆಕಾಶವಾಣಿ, ದೂರದರ್ಶನ ಎರಡರಲ್ಲೂ ನಿಲ್ಲಿಸಿದರು. ಹಾಡಿನಲ್ಲಿ ಅಶ್ಲೀಲ ಇರಲಿಲ್ಲ, ರಾಜಕೀಯವೂ ಇರಲಿಲ್ಲ. ಕೇಸ್ಕರ್ ಅವರ ಕಾಲಕ್ಕೆ ಕೇಳುಗರ ಒಳಿತಿಗೆ ಅಂತ ಇಟ್ಟುಕೊಂಡ ಕೀಲಿಯೇ ಇಲ್ಲಿ ಸೇಡು ತೀರಿಸಿಕೊಳ್ಳಲೂ ಸಾಕಾಯಿತು. ಕೀಲಿ ಮಾಡಿಸುವಾಗ ಯಾರ ಕೈಯಲ್ಲಿರುತ್ತದೆ ಅಂತ ನೋಡುತ್ತೇವೆ, ಮುಂದಿನ ಚುನಾವಣೆ ಆದ ಮೇಲೆ ಯಾರ ಕೈಗೆ ಹೋಗುತ್ತದೆ ಅಂತ ನೋಡುವುದಿಲ್ಲ.

ಇಲ್ಲಿ ಓದುಗರು ಒಂದು ಗಟ್ಟಿಯಾದ ಮಾತು ಎತ್ತುತ್ತಾರೆ. "ಪೇಪರ್ ಬೇರೆ, ರೇಡಿಯೋ ಬೇರೆ ಸ್ವಾಮಿ. ತರಂಗಾಂತರ, ಅಂದ್ರೆ ಫ್ರೀಕ್ವೆನ್ಸಿ, ಸೀಮಿತ. ಎಲ್ಲರೂ ಒಂದೇ ಕಡೆ ಪ್ರಸಾರ ಮಾಡಿದರೆ ಯಾರಿಗೂ ಏನೂ ಕೇಳಿಸಲ್ಲ." ಸರಿ. ಅಮೆರಿಕದಲ್ಲಿ ನೆಲೆಸಿದ್ದ ಬ್ರಿಟಿಷ್ ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1959ರಲ್ಲೇ ಇದಕ್ಕೆ ಉತ್ತರ ಬರೆದರು. ಸೀಮಿತ ಅಲ್ಲದ್ದು ಯಾವುದಿದೆ? ಜಾಗ ಸೀಮಿತ, ಕಾಗದ ಸೀಮಿತ. ಯಾರ ತರಂಗಾಂತರ ಯಾವುದು ಅಂತ ಗೆರೆ ಎಳೆದು, ಕೊಳ್ಳಲು ಮಾರಲು ಬಿಟ್ಟರೆ ಡಿಕ್ಕಿ ತಪ್ಪುತ್ತದೆ, ಅದಕ್ಕೆ ಏನು ಮಾತಾಡಬೇಕು ಅಂತ ಹೇಳುವ ಅಗತ್ಯ ಇಲ್ಲ. ಟ್ರಾಫಿಕ್ ಪೊಲೀಸರು ಯಾವ ಕಡೆಯಿಂದ ಹೋಗಿ ಅಂತ ಹೇಳಲಿ, ಕಾರಿನೊಳಗೆ ನಾವು ಏನು ಮಾತಾಡುತ್ತೇವೆ ಅಂತ ಕಿಟಕಿ ಬಗ್ಗಿ ಕೇಳುವುದು ಬೇಡ.

ಕಾಗದದ ಮಾತು ಬಂತಲ್ಲ, ಅದಕ್ಕೂ ಒಂದು ಕಥೆ ಇದೆ. ನಮ್ಮಲ್ಲಿ ನ್ಯೂಸ್‌ಪ್ರಿಂಟ್ ಕೊರತೆ ಅಂತ ಪತ್ರಿಕೆಗಳಿಗೆ 10 ಪುಟದ ಮಿತಿ ಹಾಕಿದ್ದರು. 1972ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಕಾಗದದ ಹೆಸರಲ್ಲಿ ನೀವು ಮಾತಿಗೇ ಕತ್ತರಿ ಹಾಕುತ್ತಿದ್ದೀರಿ ಅನ್ನುವುದು ತೀರ್ಪಿನ ತಿರುಳು. 1995ರಲ್ಲಿ ಪ್ರಸಾರದ ವಿಷಯ ಬಂದಾಗ ಅದೇ ಕೋರ್ಟ್ ಅಷ್ಟು ದೂರ ಹೋಗಲಿಲ್ಲ. ಬಂಗಾಳದ ಕ್ರಿಕೆಟ್ ಸಂಸ್ಥೆ ಹೀರೋ ಕಪ್ ಪಂದ್ಯಗಳ ಪ್ರಸಾರದ ಹಕ್ಕನ್ನು ವಿದೇಶಿ ಕಂಪನಿಗೆ ಮಾರಿದ್ದರಿಂದ ಎದ್ದ ಗಲಾಟೆ ಅದು. ಏರ್‌ವೇವ್ಸ್ ಸರ್ಕಾರದ ಸ್ವತ್ತಲ್ಲ, ಸಾರ್ವಜನಿಕರ ಸ್ವತ್ತು ಅಂತ ಕೋರ್ಟ್ ಹೇಳಿತು. ಕೇಳಲು ಚೆನ್ನಾಗಿದೆ. ಆದರೆ ಸಾರ್ವಜನಿಕರ ಸ್ವತ್ತು ಅಂದ ಕೂಡಲೇ ಅದರ ಬೀಗದ ಕೈ ಯಾವ ಕಚೇರಿಗೆ ಹೋಗುತ್ತದೆ ಅಂತ ನಮಗೆಲ್ಲ ಗೊತ್ತು.

ಈಗ ಕಿರುಚುವ ಚಾನೆಲ್‌ಗಳಿಗೆ ಬರೋಣ. ಅವುಗಳಲ್ಲಿ ಅನುಮತಿ ಇಲ್ಲದೆ ನಡೆಯುವ ಚಾನೆಲ್ ಒಂದೂ ಇಲ್ಲ. ಎಲ್ಲವೂ ಕೇಂದ್ರ ಸರ್ಕಾರದ ಮೊಹರು ಬಿದ್ದವೇ. ಕೇಬಲ್ ಟಿವಿ ನಿಯಮಗಳಲ್ಲಿ 1994ರಿಂದ ಕಾರ್ಯಕ್ರಮ ಸಂಹಿತೆ ಇದೆ. ಅದರ ಪ್ರಕಾರ ಮಾನಹಾನಿ ಕೂಡದು, ಅರ್ಧಸತ್ಯ ಕೂಡದು. ರಾತ್ರಿ 9 ಗಂಟೆಗೆ ಟಿವಿ ಹಾಕಿ, ಈ ಸಂಹಿತೆ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ನೀವೇ ನೋಡಿ. ಅಕ್ಷರಶಃ ಜಾರಿ ಮಾಡಿದರೆ ಬಹಳಷ್ಟು ಚಾನೆಲ್ ಬಾಗಿಲು ಹಾಕಬೇಕಾಗುತ್ತದೆ. ಹಾಗಾಗಿ ಎಲ್ಲರ ಮೇಲೂ ಜಾರಿ ಮಾಡುವುದಿಲ್ಲ, ಯಾರ ಮೇಲೆ ಬೇಕೋ ಅವರ ಮೇಲೆ ಮಾತ್ರ. ಎಲ್ಲರೂ ತಪ್ಪಿತಸ್ಥರಾಗುವಂತೆ ಬರೆದ ನಿಯಮ ಅಧಿಕಾರದಲ್ಲಿ ಇರುವವರಿಗೆ ಬಲು ಅನುಕೂಲ.

ಮಲಯಾಳಂನ ಮೀಡಿಯಾ ಒನ್ ಚಾನೆಲ್‌ನ ಲೈಸೆನ್ಸನ್ನು 2022ರ ಜನವರಿಯಲ್ಲಿ ನವೀಕರಿಸಲಿಲ್ಲ. ಭದ್ರತೆಯ ಕಾರಣ ಅಂದರು. ಕಾರಣ ಏನು ಅಂತ ಚಾನೆಲ್‌ಗೂ ಹೇಳಲಿಲ್ಲ, ಮುಚ್ಚಿದ ಲಕೋಟೆಯಲ್ಲಿ ಕೋರ್ಟಿಗೆ ಕೊಟ್ಟರು. ಮಧ್ಯಂತರ ಆದೇಶದಿಂದ ಚಾನೆಲ್ ಮತ್ತೆ ಶುರುವಾಯಿತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ನಿಷೇಧವನ್ನೇ ರದ್ದು ಮಾಡಿತು. ಗೆದ್ದರಲ್ಲ ಅಂತ ನೀವು ಹೇಳಬಹುದು. ಆದರೆ ನವೀಕರಣಕ್ಕೆ ಕಾದಿರುವ ಉಳಿದ ಚಾನೆಲ್‌ನವರು ಅದನ್ನೆಲ್ಲ ನೋಡುತ್ತಾ ಕೂತಿದ್ದರು. ನಾನು ಹೆದರುವುದು ಬ್ಯಾನ್ ಆದ ಕಾರ್ಯಕ್ರಮಕ್ಕಿಂತ, ಬ್ಯಾನ್ ಆದೀತು ಅಂತ ಯಾರೂ ಮಾಡದೇ ಬಿಟ್ಟ ಕಾರ್ಯಕ್ರಮಕ್ಕೆ.

ಹಾಗಂತ ಯಾರು ಯಾರ ಮೇಲೆ ಬೇಕಾದರೂ ಸುಳ್ಳು ಆರೋಪ ಮಾಡಿ ಪಾರಾಗಬೇಕು ಅಂತ ನಾನು ಹೇಳುತ್ತಿಲ್ಲ. ಮಾನ ಕಳೆದರೆ ಕೋರ್ಟಿದೆ. ಹೊಡೀರಿ, ಸುಡ್ರಿ ಅಂತ ಜನರನ್ನು ಎತ್ತಿಕಟ್ಟಿದರೆ ಪೊಲೀಸರಿದ್ದಾರೆ. ಈ ಕಾನೂನು ಪತ್ರಕರ್ತನಿಗೂ ಒಂದೇ, ಬೀದಿಯಲ್ಲಿ ಭಾಷಣ ಮಾಡುವವನಿಗೂ ಒಂದೇ. ಆಡಿದ ಮೇಲೆ ತಪ್ಪಿದ್ದರೆ ಶಿಕ್ಷೆ ಕೊಡಿ. ಆಡುವ ಮೊದಲೇ ಅಪ್ಪಣೆ ಕೇಳು ಅನ್ನಬೇಡಿ. ನಮ್ಮ ಕೋರ್ಟುಗಳು ನಿಧಾನ ಅನ್ನುವುದು ಈ ವಾದದ ದುರ್ಬಲ ಜಾಗ, ಒಪ್ಪುತ್ತೇನೆ. ಅದಕ್ಕೆ ಮದ್ದು ಕೋರ್ಟನ್ನು ಸರಿ ಮಾಡುವುದು.

ಸಿನಿಮಾ ವಿಷಯದಲ್ಲಿ ಜಾಸ್ತಿ ಹೇಳುವುದಿಲ್ಲ. 2023ರ ತಿದ್ದುಪಡಿ ಯು/ಎ ಸರ್ಟಿಫಿಕೇಟನ್ನು 7, 13, 16 ವರ್ಷ ಅಂತ ಮೂರು ಭಾಗ ಮಾಡಿತು. ಒಳ್ಳೆಯದೇ, ಮಗುವನ್ನು ಕರೆದುಕೊಂಡು ಹೋಗಬೇಕಾ ಬೇಡವಾ ಅಂತ ಅಪ್ಪ ಅಮ್ಮ ನಿರ್ಧರಿಸಲು ಅನುಕೂಲ. ಸೆನ್ಸಾರ್ ಮಂಡಳಿಯ ಕೆಲಸ ಅಲ್ಲಿಗೆ ಮುಗಿಯಬೇಕು. ಸರ್ಕಾರವೇ ನೇಮಿಸಿದ್ದ ನಿರ್ದೇಶಕ ಶ್ಯಾಮ್ ಬೆನಗಲ್ ಅವರ ಸಮಿತಿ 2016ರಲ್ಲೇ ಹೆಚ್ಚುಕಡಿಮೆ ಇದನ್ನೇ ಹೇಳಿತ್ತು. ಕತ್ತರಿ ಮಾತ್ರ ಇನ್ನೂ ಮಂಡಳಿಯ ಕೈಯಲ್ಲೇ ಇದೆ.

2025ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಸಿನಿಮಾ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿದಾಗ ನನ್ನ ಮೇಲೆ ಸಿಟ್ಟಾದವರು ಇನ್ನೂ ಜಾಸ್ತಿ. ಹೈಕೋರ್ಟ್ ಕೆಲವೇ ದಿನಗಳಲ್ಲಿ ತಡೆ ಕೊಟ್ಟಿತು. ದೊಡ್ಡ ಸಿನಿಮಾಗೆ ಮೊದಲ ವಾರ ಬೆಲೆ ಏರುವುದು ನನ್ನ ಜೇಬಿಗೂ ನೋವೇ. ಎರಡು ವಾರ ಕಾದರೆ ಅದೇ ಸಿನಿಮಾ ಕಮ್ಮಿಗೆ ಸಿಗುತ್ತದೆ. ಅಷ್ಟಕ್ಕೆ ಸರ್ಕಾರ ಯಾಕೆ ಬೇಕು ಅಂತ ಕೇಳಿ ಬೈಸಿಕೊಂಡಿದ್ದೇನೆ.

ಇನ್ನು ಉಳಿದಿರುವುದು ದುಡ್ಡಿನ ಪ್ರಶ್ನೆ. "ಸರ್ಕಾರ ಬಿಟ್ಟುಕೊಟ್ಟರೆ ದುಡ್ಡಿದ್ದವರೇ ಎಲ್ಲಾ ಕೊಂಡುಕೊಳ್ಳುತ್ತಾರೆ." ಈಗ ಆಗಿರುವುದು ಏನು? 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಬೆಂಗಳೂರಿನಲ್ಲೇ ಶುರುವಾಯಿತು. ಆ ಮೊದಲ ಸುತ್ತಿನಲ್ಲಿ 108 ತರಂಗಾಂತರ ಹರಾಜಿಗೆ ಇಟ್ಟಿದ್ದರು. ಶುಲ್ಕದ ಭಾರಕ್ಕೆ ಹಲವರು ಹಿಂದೆ ಸರಿದು, ಕೊನೆಗೆ ಶುರುವಾಗಿದ್ದು 20ರ ಆಸುಪಾಸು. 2015ರಲ್ಲಿ ಬೆಂಗಳೂರಿನ ಒಂದೇ ತರಂಗಾಂತರದ ಬೆಲೆ 100 ಕೋಟಿ ದಾಟಿತು. ಕೈಬೆರಳೆಣಿಕೆಯಷ್ಟು ಮಾತ್ರ ಹರಾಜಿಗೆ ಬಿಟ್ಟರೆ ಹೀಗೇ ಆಗುವುದು. ನೂರು ಕೋಟಿ ಕೊಟ್ಟವನು ಎಲ್ಲರೂ ಹಾಕುವ ಅದೇ ಹತ್ತು ಹಾಡು ಹಾಕದೆ ಇನ್ನೇನು ಮಾಡುತ್ತಾನೆ?

ಬಡವರ ರೇಡಿಯೋಗೆ ಈ ವ್ಯವಸ್ಥೆ ಏನು ಮಾಡಿತು ಅಂತ ಕೋಲಾರ ಜಿಲ್ಲೆಯ ಬೂದಿಕೋಟೆಯವರಿಗೆ ಗೊತ್ತು. ಅಲ್ಲಿಯ ಹಳ್ಳಿಯವರು, ಮುಖ್ಯವಾಗಿ ಸ್ವಸಹಾಯ ಸಂಘದ ಹೆಂಗಸರು, ನಮ್ಮ ಧ್ವನಿ ಅನ್ನುವ ರೇಡಿಯೋ ಕೇಂದ್ರ ಕಟ್ಟಿಕೊಂಡರು. ಸ್ಟುಡಿಯೋ ಇತ್ತು, ಕಾರ್ಯಕ್ರಮ ಇತ್ತು, ಕೇಳುವವರಿದ್ದರು. ಗಾಳಿಯಲ್ಲಿ ಪ್ರಸಾರ ಮಾಡಲು ಲೈಸೆನ್ಸ್ ಇರಲಿಲ್ಲ. ಆಗಿನ ನೀತಿಯಲ್ಲಿ ಊರಿನವರಿಗೆ ಲೈಸೆನ್ಸ್ ಕೊಡುವ ಅವಕಾಶವೇ ಇರಲಿಲ್ಲ. ಕೊನೆಗೆ ಕೇಬಲ್ ವೈರ್ ಮೂಲಕ ಮನೆಮನೆಗೆ ಧ್ವನಿ ಕಳಿಸಿದರು. ವೈರ್ ಬೇಡದ ರೇಡಿಯೋಗೆ ವೈರ್ ಎಳೆದರು! 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ರೇಡಿಯೋಗೆ ಅವಕಾಶ ಬಂತು. ಟ್ರಾನ್ಸ್‌ಮಿಟರ್ 100 ವ್ಯಾಟ್, ಜಾಹೀರಾತು ಗಂಟೆಗೆ 5 ನಿಮಿಷ, ಸುದ್ದಿ ಕೂಡದು, ಈ ಷರತ್ತುಗಳ ಮೇಲೆ. ಕೆರೆ ಏರಿ ಒಡೆದಿದೆ ಅಂತ ಹೇಳಬಹುದು. ಕಂಟ್ರಾಕ್ಟರ್ ಯಾರು, ಬಿಲ್ ಎಷ್ಟಾಗಿತ್ತು ಅಂತ ಹೇಳಹೊರಟರೆ ಅದು ಸುದ್ದಿ.

2023ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ಖಾಸಗಿ ಎಫ್‌ಎಂಗೆ ಗಂಟೆಗೆ 10 ನಿಮಿಷ ಸುದ್ದಿಗೆ ಅವಕಾಶ ಕೊಡಬಹುದು ಅಂತ ಶಿಫಾರಸು ಮಾಡಿತು. ಹನ್ನೊಂದನೇ ನಿಮಿಷದಲ್ಲಿ ಏನಾಗುತ್ತದೋ! ಇರಲಿ, ನನಗೆ ಆ ಹತ್ತು ನಿಮಿಷವೂ ಸಾಲದು. ಪತ್ರಿಕೆ ಶುರು ಮಾಡುವವರು ಇವತ್ತು ಹೆಸರು ನೋಂದಾಯಿಸಿ ಮುದ್ರಣಕ್ಕೆ ಹೋಗುತ್ತಾರೆ. ಏನು ಬರೆಯುತ್ತೀರಿ, ಎಷ್ಟು ಕಾಲಂ ಬರೆಯುತ್ತೀರಿ ಅಂತ ಯಾರೂ ಕೇಳುವುದಿಲ್ಲ. ಬೂದಿಕೋಟೆಯ ಹೆಂಗಸರಿಗೂ ಅಷ್ಟೇ ಇರಬೇಕು. ಇಂಥ ತರಂಗಾಂತರ ನಮ್ಮದು ಅಂತ ಒಂದು ಅರ್ಜಿ, ಬೇರೆಯವರ ಪ್ರಸಾರಕ್ಕೆ ಅಡ್ಡ ಬರುತ್ತದಾ ಅಂತ ಒಂದು ಪರೀಕ್ಷೆ. ಕಂಟ್ರಾಕ್ಟರ್ ಹೆಸರು ತಪ್ಪು ಹೇಳಿದರೆ ಅವನು ಕೋರ್ಟಿಗೆ ಹೋಗಲಿ.